ನಂಜುಂಡನಿಗೆ ಮುಡಿ ಕೊಟ್ಟು ಬಂದೆ

ಸಮುದ್ರ ಕಡೆದಾಗ ಹಾಲಾಹಲ ಬಂತು, ಶಿವ ಕುಡಿದ, ನಂಜುಂಡನಾದ. ಈ ಕಥೆ ನಮ್ಮ ಮಂಡ್ಯ, ಮೈಸೂರು ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ನಮ್ಮಜ್ಜಿ ಈ ಕಥೆ ಹೇಳುವಾಗ ಶಿವನ ಹತ್ತಿರ ಜಾಸ್ತಿ ಹೊತ್ತು ನಿಲ್ಲುತ್ತಿರಲಿಲ್ಲ. ಪಾರ್ವತಿ ಓಡಿ ಬಂದು ಗಂಡನ ಕುತ್ತಿಗೆ ಅದುಮಿ ಹಿಡಿದಳಲ್ಲ, ಅಲ್ಲಿಗೆ ಬಂದು ನಿಲ್ಲುತ್ತಿದ್ದರು. ತಮ್ಮ ಒರಟು ಕೈಯನ್ನು ನನ್ನ ಗಂಟಲ ಮೇಲಿಟ್ಟು, "ಹಿಂಗೆ ಹಿಡ್ಕೊಂಡ್ಲು ಕಣವ್ವ. ವಿಷ ಕೆಳಗಿಳೀಲಿಲ್ಲ. ದೇವರಿಗೇ ಮನೆಯವರ ಕೈ ಬೇಕಾಯ್ತು ನೋಡು" ಅನ್ನುತ್ತಿದ್ದರು. ಆ ಕೈಯಲ್ಲಿ ರಾಗಿಹಿಟ್ಟಿನ ವಾಸನೆ, ಎಲೆಅಡಿಕೆಯ ವಾಸನೆ. ಈಗಲೂ ಕಣ್ಣು ಮುಚ್ಚಿದರೆ ಮೂಗಿಗೆ ಬರುತ್ತದೆ.

ಎದೆಯಲ್ಲಿ ಸಿಕ್ಕ ಗಂಟು, ಬಯಾಪ್ಸಿ, ಸ್ಕ್ಯಾನು, ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮೊದಲು ಕೀಮೋ, ಅಂದರೆ ಕ್ಯಾನ್ಸರಿಗೆ ಕೊಡುವ ಔಷಧಿ, ಆಮೇಲೆ ಆಪರೇಷನ್ ಅಂದರು ಡಾಕ್ಟರು. ಬೇಗ ಬೇಗ ಬೆಳೆಯುವ ಕಣಗಳನ್ನು ಈ ಔಷಧಿ ಹೊಡೆಯುತ್ತದಂತೆ. ಕೂದಲ ಬುಡದ ಕಣಗಳೂ ಹಾಗೇ ಬೆಳೆಯುವಂಥವು, ಅದಕ್ಕೇ ಎರಡು ಮೂರು ವಾರದಲ್ಲಿ ಕೂದಲು ಉದುರುತ್ತದೆ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬರುತ್ತದೆ ಎಂದು ಸಮಾಧಾನವಾಗಿ ಹೇಳಿದರು. ಆ ರಾತ್ರಿ ಅತ್ತೆ ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಾ, "ದಿಂಬಿನ ಮೇಲೆ ಉದುರೋದು ಯಾಕೆ? ಮನೆದೇವರಿಗೇ ಕೊಟ್ಟುಬಿಡೋಣ" ಅಂದರು.

ಡಾಕ್ಟರನ್ನು ಕೇಳಿದೆವು. ಕೀಮೋ ಶುರುವಾಗುವ ಮೊದಲೇ ಹೋಗಿ ಬನ್ನಿ, ಹೊಸ ಬ್ಲೇಡು ಹಾಕಿಸಿ, ಗಾಯ ಮಾಡಿಕೊಳ್ಳಬೇಡಿ, ಹೊಳೆಗೆ ಇಳಿಯಬೇಡಿ ಅಂದರು. ಉಪವಾಸವೂ ಬೇಡ ಅಂದರು.

ನಂಜನಗೂಡಿನಲ್ಲಿ ನನಗಿಂತ ಮೊದಲು ನಮ್ಮವರು ಹೋಗಿ ಕೂತರು. ಹರಕೆ ನನ್ನದು, ನೀವ್ಯಾಕೆ ಅಂದರೆ ಮಾತೇ ಆಡಲಿಲ್ಲ, ತಲೆ ಬಗ್ಗಿಸಿದರು. ಆಮೇಲೆ ನಾನು. ತಲೆಗೆ ನೀರು ಹಾಕಿ ತಟ್ಟಿದರು. ಬ್ಲೇಡು ಕರಕರ ಅನ್ನುತ್ತಾ ನೆತ್ತಿಯಿಂದ ಹಿಂದಕ್ಕೆ ಹೋಯಿತು. ಒದ್ದೆ ಕೂದಲು ಮಡಿಲಿಗೆ ಬಿತ್ತು. ಅಳು ಬರುತ್ತದೆ ಅಂದುಕೊಂಡಿದ್ದೆ. ಆಗ ಅತ್ತೆ ಬೊಗಸೆಯಲ್ಲಿ ಗಂಧ ತಂದು ನೆತ್ತಿಗೆ ಮೆತ್ತಿದರು. ಏನು ತಂಪು ಅದು! ನೆತ್ತಿಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕತ್ತಿಗೆ, ಬೆನ್ನಿಗೆ ಇಳಿಯಿತು. ತಿಂಗಳುಗಳಿಂದ ಮೈಯೊಳಗೆ ಉರಿಯುತ್ತಿದ್ದ ಹೆದರಿಕೆ ಆ ತಂಪಿಗೆ ಇಳಿದುಹೋಯಿತು. ದರ್ಶನ ಹೇಗಾಯಿತು, ಎಷ್ಟು ಹೊತ್ತು ಸಾಲಲ್ಲಿ ನಿಂತೆವು, ಒಂದೂ ನೆನಪಿಲ್ಲ. ಗಂಧದ ತಂಪೊಂದೇ ನೆನಪು.

ಕಪಿಲೆಯನ್ನು ಮೆಟ್ಟಿಲ ಮೇಲಿಂದಲೇ ನೋಡಿ ಕೈ ಮುಗಿದೆ. ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟರೆ ಕಾಯಿಲೆ ಹೋಗುತ್ತದೆ ಅಂತ ಜನ ಬಿಡುತ್ತಲೇ ಇದ್ದಾರೆ. ಸೀರೆ, ಪಂಚೆ ದಡದ ಕಲ್ಲಿಗೆ ಸುತ್ತಿಕೊಂಡು ಕೊಳೆಯುತ್ತಿದ್ದವು. ತಾಯಿಯ ಮೈಮೇಲೆ ನಮ್ಮ ಕೊಳೆ ಎಸೆಯುವುದು ಯಾವ ಭಕ್ತಿ? ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ನೋಡಲು ಬಂದ ನೆಂಟರಲ್ಲಿ ಕೆಲವರು, ಕೀಮೋ ಅಂದರೆ ವಿಷ, ಬಿಟ್ಟು ಸೊಪ್ಪಿನ ರಸ ಕುಡಿ, ದೇವರಿದ್ದಾನೆ ಅಂದರು. ದೇವರಿದ್ದಾನೆ, ನಿಜ. ಟಿಪ್ಪುವಿನ ಆನೆಯ ಕಣ್ಣು ಇಲ್ಲಿ ಪೂಜೆ ಮಾಡಿಸಿದ ಮೇಲೆ ವಾಸಿಯಾಯಿತು, ಅವನು ಈ ಸ್ವಾಮಿಯನ್ನು ಹಕೀಮ್ ನಂಜುಂಡ ಅಂತ ಕರೆದ ಅನ್ನುತ್ತಾರೆ. ವೈದ್ಯನೆಂದೇ ಕರೆಸಿಕೊಂಡ ದೇವರು ಡಾಕ್ಟರ ಔಷಧಿ ಬೇಡ ಅನ್ನುತ್ತಾನಾ? ಕಾಯಿಲೆಯವರ ಮನೆಗೆ ಹೋದಾಗ ದಯವಿಟ್ಟು ಧೈರ್ಯ ಹೇಳಿ ಬನ್ನಿ.

ಮೊದಲ ಡೋಸಿನಲ್ಲಿ ಒಂದು ಔಷಧಿ ಕುಂಕುಮದ ನೀರಿನ ಹಾಗೆ ಕೆಂಪಗಿತ್ತು. ನರ್ಸಮ್ಮ ನಿಧಾನವಾಗಿ ಏರಿಸುತ್ತಿದ್ದರು. ನಮ್ಮವರು ನನ್ನ ಇನ್ನೊಂದು ಕೈ ಹಿಡಿದು ಕೂತಿದ್ದರು, ಊಟಕ್ಕೂ ಏಳಲಿಲ್ಲ. "ಓಂ ನಮಃ ಶಿವಾಯ" ಅಂದುಕೊಳ್ಳುತ್ತಾ ನಾನೂ ಕೂತೆ. ಮನೆಗೆ ಬಂದ ಮೇಲೆ ವಾಂತಿ, ಬಾಯಿಗೆ ಏನೂ ರುಚಿಯಿಲ್ಲ. ತಂಗಿ ಮೆತ್ತಗೆ ಅನ್ನ ಮಾಡಿ, ತಿಳಿಸಾರು ಕಲಸಿ ತುತ್ತು ತುತ್ತಾಗಿ ತಿನ್ನಿಸಿದಳು. ಮಗಳು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದಾಳೆ: "ಜ್ವರ 100.4 ಆದರೆ ಕಾಯಬಾರದು, ತಕ್ಷಣ ಆಸ್ಪತ್ರೆ." ಕೆಳಗೆ ಪುಟ್ಟದಾಗಿ ಒಂದು ತ್ರಿಶೂಲ ಬರೆದಿದ್ದಾಳೆ.

ಮೂರು ವಾರಕ್ಕೊಂದು ಡೋಸು. ಬ್ಲಡ್ ಕೌಂಟು ಸರಿ ಬಂದರೆ ದೊಡ್ಡ ಜಾತ್ರೆ ಹೊತ್ತಿಗೆ ಕೀಮೋ ಮುಗಿಯುತ್ತದೆ. ಗುಂಪಿಗೆ ಹೋಗಬೇಡಿ ಅಂದರೆ ಸ್ವಾಮಿಯ ಗೌತಮ ರಥವನ್ನು ದೂರದಿಂದಲೇ ನೋಡುತ್ತೇನೆ. ಈ ವರ್ಷ ಹಗ್ಗಕ್ಕೆ ಕೈ ಹಾಕುವುದು ನಾನೇ ಅಂತ ಮಗಳು ಆಗಲೇ ಹೇಳಿಟ್ಟಿದ್ದಾಳೆ.