ಟೂಲಾಂಗಿಯ ಕಾಡಿನಲ್ಲಿ ಒಂದು ರಾತ್ರಿ, ಎರಡು ಹಗಲು

ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ‘ಸ್ಟೇಟ್ ಫಾರೆಸ್ಟ್’ ಎಂದು ಕರೆಯುವ ಸರ್ಕಾರಿ ಕಾಡುಗಳ ಬಹುಪಾಲು ಜಾಗದಲ್ಲಿ ಯಾರು ಬೇಕಾದರೂ ಡೇರೆ ಹಾಕಿಕೊಂಡು ರಾತ್ರಿ ಕಳೆಯಬಹುದು. ಅದಕ್ಕೆ ಶುಲ್ಕವಿಲ್ಲ, ಮೊದಲೇ ಹೆಸರು ಕೊಡಬೇಕಾಗಿಲ್ಲ, ರಸೀದಿ ಹರಿದುಕೊಡುವ ಗೇಟೂ ಇಲ್ಲ. ಹೊಸನಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಇದನ್ನು ನಂಬಲು ಬಹಳ ದಿನ ಬೇಕಾಯಿತು. ನಮ್ಮಲ್ಲಿ ತೋಟಕ್ಕೆ ಸೊಪ್ಪು, ದರಗು ತರುವ ಸೊಪ್ಪಿನಬೆಟ್ಟ ಒಂದು, ಅದರಾಚೆಯ ಮೀಸಲು ಅರಣ್ಯ ಇನ್ನೊಂದು. ಆ ಎರಡನೆಯದರೊಳಗೆ ಅನುಮತಿಯಿಲ್ಲದೆ ಹೋಗಿ ರಾತ್ರಿ ಬೆಂಕಿ ಹಾಕಿ ಮಲಗುವುದು ಅಪರಾಧ. ಕಾಡುಪ್ರಾಣಿಗಳಿರುವ, ಸುತ್ತಲೂ ಊರುಗಳು ಒತ್ತಿಕೊಂಡಿರುವ ಪಶ್ಚಿಮಘಟ್ಟದಲ್ಲಿ ಆ ನಿರ್ಬಂಧ ಇರಬೇಕಾದದ್ದೇ ಎಂದು ಈಗಲೂ ನಾನು ಭಾವಿಸುತ್ತೇನೆ. ಆದರೆ ಇಲ್ಲಿ ಕಾಡು ತೆರೆದಿದೆ, ಕಾವಲುಗಾರ ಕಾಣುವುದಿಲ್ಲ, ನಿಯಮಗಳು ಮಾತ್ರ ಇವೆ. ಅವುಗಳನ್ನು ಪಾಲಿಸುವುದನ್ನು ಕಾಡಿಗೆ ಬಂದವನ ವಿವೇಕಕ್ಕೇ ಬಿಟ್ಟಿದ್ದಾರೆ. ಈ ನಂಬಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೇ ತಿಂಗಳ ಒಂದು ಶನಿವಾರ ಮೆಲ್ಬರ್ನಿನಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದ ಟೂಲಾಂಗಿ ಕಾಡಿಗೆ ಒಬ್ಬನೇ ಹೊರಟೆ. ಗೆಳೆಯರ ಗಾಡಿಗಳ ಜೊತೆ ಹೋದಾಗ ದಾರಿಯನ್ನು ನೋಡುವುದಕ್ಕಿಂತ ಮುಂದಿನ ಗಾಡಿಯನ್ನು ನೋಡುವುದೇ ಹೆಚ್ಚು. ಕಾಡುದಾರಿಯೊಂದನ್ನು ನನ್ನಷ್ಟಕ್ಕೆ ಓದಿ, ಹೋಗಬೇಕೋ ಬೇಡವೋ ಎಂಬುದನ್ನು ನಾನೇ ತೀರ್ಮಾನಿಸಬೇಕೆಂಬ ಆಸೆ ಬಹುಕಾಲದಿಂದ ಇತ್ತು. ಜೂನ್ ತಿಂಗಳ ಎರಡನೆಯ ವಾರಾಂತ್ಯ ಕಳೆದರೆ ಇಲ್ಲಿನ ಎಷ್ಟೋ ಕಾಡುದಾರಿಗಳನ್ನು ಅಕ್ಟೋಬರ್ ಮುಗಿಯುವವರೆಗೆ ಮುಚ್ಚುತ್ತಾರೆ. ಚಳಿಗಾಲದ ಮಳೆಯಲ್ಲಿ ಗಾಡಿಗಳು ಓಡಾಡಿದರೆ ದಾರಿ ಕೊರೆದುಹೋಗಿ, ಮಣ್ಣೆಲ್ಲ ತೊರೆಗೆ ಇಳಿಯುತ್ತದೆ ಎಂಬುದು ಕಾರಣ. ಹಾಗಾಗಿ ಮೇ ತಿಂಗಳು ಅನುಕೂಲದ ಸಮಯ: ಬೇಸಿಗೆಯ ಕಾಡ್ಗಿಚ್ಚಿನ ಭಯ ಕಳೆದಿರುತ್ತದೆ, ಗೇಟುಗಳು ಇನ್ನೂ ತೆರೆದಿರುತ್ತವೆ.

ಒಬ್ಬನೇ ಹೋಗುವವನ ತಯಾರಿ ಬೇರೆಯೇ. ಸಿಕ್ಕಿಬಿದ್ದ ಗಾಡಿಯನ್ನು ಎಳೆಯಲು ಎಲ್ಲರೂ ಇಟ್ಟುಕೊಳ್ಳುವ ಹಿಗ್ಗುವ ಪಟ್ಟಿ ಇನ್ನೊಂದು ಗಾಡಿ ಇದ್ದರಷ್ಟೇ ಕೆಲಸಕ್ಕೆ ಬರುತ್ತದೆ. ಒಂಟಿಯಾದವನಿಗೆ ಬೇಕಾದದ್ದು ಸಲಿಕೆ, ಚಕ್ರದ ಕೆಳಗೆ ತುರುಕುವ ಹಲ್ಲುಳ್ಳ ಪ್ಲಾಸ್ಟಿಕ್ ಹಲಗೆಗಳು, ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ, ಕೈಯಿಂದ ತಿರುಗಿಸುವ ವಿಂಚ್, ಅದನ್ನು ಮರಕ್ಕೆ ಕಟ್ಟುವಾಗ ತೊಗಟೆಗೆ ಗಾಯವಾಗದಂತೆ ಸುತ್ತುವ ಅಗಲದ ಪಟ್ಟಿ. ಮೊಬೈಲ್ ಸಿಗ್ನಲ್ ಕಣಿವೆಗಳಲ್ಲಿ ಸಿಗುವುದಿಲ್ಲವಾದ್ದರಿಂದ, ಅಪಾಯದಲ್ಲಿ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸೂಚನೆ ಕಳಿಸುವ ಸಣ್ಣ ಬೀಕನ್ ಒಂದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಅದು ಗಾಡಿಯಲ್ಲಿದ್ದರೆ ಸಾಲದು. ಗಾಡಿಯಿಂದ ದೂರ ಬಿದ್ದವನಿಗೆ ಅದರಿಂದೇನು ಉಪಯೋಗ? ಹೋಗುವ ದಾರಿ, ಉಳಿಯಲಿರುವ ಜಾಗ, ಮರಳುವ ಹೊತ್ತು, ಇಷ್ಟನ್ನು ನಕ್ಷೆಯ ಮೇಲೆ ಗುರುತು ಮಾಡಿ ಹೆಂಡತಿಗೆ ಕೊಟ್ಟೆ. “ಭಾನುವಾರ ಸಂಜೆ ಆರರೊಳಗೆ ಫೋನ್ ಬರದಿದ್ದರೆ 000ಗೆ ಕರೆ ಮಾಡುತ್ತೇನೆ, ಒಂದು ನಿಮಿಷವೂ ಕಾಯುವುದಿಲ್ಲ” ಎಂದು, ಇಲ್ಲಿನ ತುರ್ತು ಸಹಾಯದ ಸಂಖ್ಯೆಯನ್ನು ನೆನಪಿಸಿ, ಅವಳು ಹೇಳಿದ ರೀತಿಯಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ.

ಗಾಡಿ ಐದು ಬಾಗಿಲಿನ ಸುಜುಕಿ ಜಿಮ್ನಿ. ಗುರುಗ್ರಾಮದ ಮಾರುತಿ ಕಾರ್ಖಾನೆಯಲ್ಲಿ ತಯಾರಾಗಿ ಸಮುದ್ರ ದಾಟಿ ಬಂದದ್ದು ಎಂಬ ಕಾರಣಕ್ಕೆ ಅದರ ಮೇಲೆ ನನಗೆ ಕೊಂಚ ಹೆಚ್ಚೇ ಮಮತೆ. ಟ್ಯಾಂಕಿಗೆ 40 ಲೀಟರ್ ಮಾತ್ರ ಹಿಡಿಯುತ್ತದೆ, ಎಂಜಿನ್ ಕೇವಲ ಒಂದೂವರೆ ಲೀಟರಿನದು. ಆದರೂ ಗಟ್ಟಿ ಚಾಸಿ, ಮುಂದೆ ಹಿಂದೆ ಇಡಿಯಾದ ಆಕ್ಸಲ್, ‘ಫೋರ್ ಲೋ’ (ನಾಲ್ಕೂ ಚಕ್ರಗಳಿಗೆ ನಿಧಾನದ, ಹೆಚ್ಚು ಬಲದ ಗೇರು) ಹಾಕುವ ಪ್ರತ್ಯೇಕ ಲಿವರ್ ಇರುವುದರಿಂದ ನಮ್ಮೂರಿನ ಹಳೆಯ ಮಹೀಂದ್ರ ಜೀಪಿನ ಸ್ವಭಾವ ಅದರಲ್ಲಿ ಉಳಿದಿದೆ. ಮಳೆಗಾಲದಲ್ಲಿ ನಮ್ಮ ಮನೆಗೆ ಬರುತ್ತಿದ್ದ ಒಂದೇ ವಾಹನ ಆ ಜೀಪು. ಅದನ್ನು ಓಡಿಸುತ್ತಿದ್ದವರು ಪಕ್ಕದಲ್ಲಿ ಕುಳಿತ ಹುಡುಗನಾದ ನನಗೆ ಹೇಳಿದ್ದ “ಇಳಿಜಾರಲ್ಲಿ ಬ್ರೇಕ್ ತುಳೀಬಾರ್ದು ಮಾರಾಯ, ಗೇರಲ್ಲೇ ಬಿಡ್ಬೇಕು” ಎಂಬ ಮಾತು ಇಲ್ಲಿನ ಚಾಲನಾ ತರಬೇತಿಯ ಮೊದಲ ಪಾಠವೂ ಆಗಿತ್ತು.

ಹೀಲ್ಸ್‌ವಿಲ್ ದಾಟಿ ಟೂಲಾಂಗಿಗೆ ಏರಿ, ಡಾಂಬರು ಮುಗಿದಲ್ಲಿ ನಿಲ್ಲಿಸಿ, ಟೈರುಗಳ ಗಾಳಿಯನ್ನು 22 ಪಿಎಸ್‌ಐಗೆ ಇಳಿಸಿದೆ. ಗಾಳಿ ಕಡಿಮೆಯಾದ ಟೈರು ನೆಲಕ್ಕೆ ಅಗಲವಾಗಿ ಹರಡಿಕೊಳ್ಳುವುದರಿಂದ ಹಿಡಿತ ಹೆಚ್ಚುತ್ತದೆ, ಚೂಪುಕಲ್ಲಿಗೆ ಬಗ್ಗುತ್ತದೆ, ದಾರಿಯೂ ಕಡಿಮೆ ಕಿತ್ತುಹೋಗುತ್ತದೆ. ಅಲ್ಲಿಂದ ಸಿಲ್ವಿಯಾ ಕ್ರೀಕ್ ರಸ್ತೆ ಹಿಡಿದರೆ ಎರಡೂ ಬದಿಯಲ್ಲಿ ‘ಮೌಂಟನ್ ಆ್ಯಶ್’ ಮರಗಳು. ನಮ್ಮ ಕೋಲಾರದ ಬಯಲಿನಲ್ಲಿ ನೆಟ್ಟು, ಅಂತರ್ಜಲ ಹೀರುತ್ತವೆಂದು ಈಗ ದೂರುವ ನೀಲಗಿರಿಯ ಕುಲವೇ ಇದು. ಆದರೆ ಭೂಮಿಯ ಮೇಲೆ ಅತಿ ಎತ್ತರಕ್ಕೆ ಬೆಳೆಯುವ ಹೂಬಿಡುವ ಸಸ್ಯಗಳಲ್ಲಿ ಇವೂ ಒಂದು, 90 ಮೀಟರಿಗೂ ಮೇಲಕ್ಕೆ ಏರಬಲ್ಲವು. ಹೊರಗಿನಿಂದ ತಂದ ಮರವೊಂದನ್ನು ಸಾಲಾಗಿ ನೆಟ್ಟ ತೋಪಿನಲ್ಲಿ ಕಂಡು ಅದರ ಬಗ್ಗೆ ಅಭಿಪ್ರಾಯ ಕಟ್ಟಿಕೊಂಡವರು ಅದರ ತವರಿನಲ್ಲಿ ಒಮ್ಮೆ ಅದನ್ನು ತಲೆಯೆತ್ತಿ ನೋಡಬೇಕು. ಬುಡದಲ್ಲಿ ಆಳೆತ್ತರದ ಮರಜರೀಗಿಡಗಳು, ನಡುವೆ ವಾಟಲ್ (ಅಕೇಶಿಯ) ಮರಗಳು, ಅವೆಲ್ಲದರ ಮೇಲೆ ಬಿಳಿಬೂದು ಬಣ್ಣದ ಬರಿಯ ಕಾಂಡ.

ಈ ಕಾಡಿನ ಇತಿಹಾಸವನ್ನು ಬೆಂಕಿಯ ವರ್ಷಗಳಲ್ಲಿ ಹೇಳಬೇಕಾಗುತ್ತದೆ. ನೀಲಗಿರಿಯ ಬಹುತೇಕ ಜಾತಿಗಳು ಸುಟ್ಟ ಮೇಲೂ ಕಾಂಡದಿಂದ ಚಿಗುರುತ್ತವೆ. ಮೌಂಟನ್ ಆ್ಯಶ್ ಹಾಗಲ್ಲ, ಜೋರು ಬೆಂಕಿಗೆ ಅದು ಸಾಯುತ್ತದೆ, ಸಾಯುವಾಗ ತುದಿಯ ಕಾಯಿಗಳಿಂದ ಬೀಜ ಉದುರಿಸಿ ಬೂದಿಯಲ್ಲಿ ಹೊಸ ಕಾಡನ್ನು ಬಿತ್ತುತ್ತದೆ. ಆ ಸಸಿಗಳು ಬೀಜ ಕೊಡಲು ಸುಮಾರು ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಮತ್ತೆ ಬೆಂಕಿ ಬಿದ್ದರೆ ಕಾಡು ಮರಳುವುದಿಲ್ಲ. 1939ರ ಜನವರಿ 13ರ ಬೆಂಕಿಯ ನಂತರ ಹುಟ್ಟಿದ ಮರಗಳು ಇಂದು ಎತ್ತರದ ಕಾಡಾಗಿ ನಿಂತಿವೆ. 2009ರ ಫೆಬ್ರವರಿ 7ರಂದು 173 ಜನರನ್ನು ಬಲಿತೆಗೆದುಕೊಂಡ ಬೆಂಕಿಗಳಲ್ಲಿ ಒಂದು ಹೊತ್ತಿಕೊಂಡದ್ದು ಇಲ್ಲೇ ಮುರಿಂಡಿಂಡಿಯಲ್ಲಿ. ಆ ಬೂದಿಯಲ್ಲಿ ಎದ್ದ ಮರಗಳು ಈಗ ಒಂದೇ ವಯಸ್ಸಿನ, ಒಂದೇ ದಪ್ಪದ ಗಳುಗಳಂತೆ ಒತ್ತೊತ್ತಾಗಿ ಗುಡ್ಡವನ್ನು ತುಂಬಿವೆ; ಅವುಗಳ ನಡುವೆ ಸತ್ತ ಹಳೆಯ ಮರಗಳ ಬೋಳು ಕಾಂಡಗಳು ಇನ್ನೂ ನಿಂತಿವೆ. ಅಲ್ಲಿ ಗಾಡಿಯ ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಇದ್ದೆ.

ನಾವು ಖುಷಿಗಾಗಿ ಓಡಾಡುವ ಈ ದಾರಿಗಳನ್ನು ಕಡಿದದ್ದು ಖುಷಿಗಾಗಿ ಅಲ್ಲ. ಹೆಚ್ಚಿನವು ನಾಟಾ ಸಾಗಿಸಲು, ಉಳಿದವು ಬೆಂಕಿ ಆರಿಸುವವರು ತಲುಪಲೆಂದು ಆದವು. ಟೂಲಾಂಗಿಯಲ್ಲಿ ಮರ ಕಡಿಯುವುದರ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆದಿತ್ತು. 2024ರ ಜನವರಿ 1ರಿಂದ ವಿಕ್ಟೋರಿಯದ ಸರ್ಕಾರಿ ಕಾಡುಗಳಲ್ಲಿ ನಾಟಾಕ್ಕಾಗಿ ಸಹಜಾರಣ್ಯವನ್ನು ಕಡಿಯುವುದು ನಿಂತಿತು. ಪೊಟರೆಗಳಿರುವ ಮುದಿ ಮರಗಳನ್ನೇ ನಂಬಿದ ಲೆಡ್‌ಬೀಟರ್ಸ್ ಪಾಸಮ್ ಎಂಬ ಪುಟ್ಟ ಪ್ರಾಣಿಗೆ ಇದು ಬದುಕಿನ ಪ್ರಶ್ನೆಯಾಗಿತ್ತು. ನಾಶವಾಗಿದೆಯೆಂದು ನಂಬಿದ್ದ ಆ ಪ್ರಾಣಿ 1961ರಲ್ಲಿ ಇಲ್ಲಿಂದ ಬಹಳ ದೂರವಲ್ಲದ ಕ್ಯಾಂಬರ್‌ವಿಲ್ ಬಳಿ ಮತ್ತೆ ಕಂಡಿತ್ತು. ನಾನು ಮರ ಕಡಿಯುವುದು ನಿಂತದ್ದನ್ನು ಮನಸಾರೆ ಒಪ್ಪುತ್ತೇನೆ. ನಾಟಾ ಲಾರಿಗಳು ಹೋದ ಮೇಲೆ ಈ ದಾರಿಗಳಲ್ಲಿ ಓಡಾಡಲು ಉಳಿದವರು ನಮ್ಮಂಥವರು ಎಂಬುದು ಮಾತ್ರ ಅಂದು ಪ್ರತಿ ತಿರುವಿನಲ್ಲೂ ನೆನಪಾಗುತ್ತಿತ್ತು. ಕೆಸರಿನ ಹೊಂಡವನ್ನು ತಪ್ಪಿಸಲು ಯಾರೋ ಗಿಡಗಳ ಮೇಲೆ ಹತ್ತಿಸಿ ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿದ್ದನ್ನೂ, ಅದೂ ಹೊಂಡವಾದಾಗ ಮೂರನೆಯದು ಮೂಡಿದ್ದನ್ನೂ ನೋಡಿದಾಗ ಸಂಕಟವಾಯಿತು. ಹೊಂಡವನ್ನು ದಾಟಲಾಗದಿದ್ದರೆ ಹಿಂದಿರುಗಬೇಕು, ಕಾಡನ್ನು ಅಗಲ ಮಾಡಬಾರದು.

ಮುರಿಂಡಿಂಡಿ ನದಿಯ ಕಡೆಗೆ ಇಳಿಯುವ ಒಂದು ಸಣ್ಣ ತೊರೆಯ ಬಳಿ ಮೂರೂವರೆಯ ಹೊತ್ತಿಗೇ ಬಿಡಾರ ಹೂಡಿದೆ. ಮೇ ತಿಂಗಳಲ್ಲಿ ಐದೂಕಾಲಿಗೆ ಸೂರ್ಯ ಮುಳುಗುತ್ತಾನೆ, ಕಣಿವೆಯಲ್ಲಿ ಅದಕ್ಕೂ ಮೊದಲೇ ಕತ್ತಲು. ನೀರಿನಿಂದ 20 ಮೀಟರ್ ದೂರವಿರಬೇಕೆಂಬುದು ನಿಯಮ; ನೀಲಗಿರಿಯ ದೊಡ್ಡ ಕೊಂಬೆಗಳ ಕೆಳಗೆ ಮಲಗಬಾರದೆಂಬುದು ಅನುಭವಸ್ಥರ ಮಾತು, ಏಕೆಂದರೆ ಗಾಳಿಯಿಲ್ಲದ ರಾತ್ರಿಯಲ್ಲೂ ಅವು ಮುರಿದು ಬೀಳುತ್ತವೆ. ತಲೆಯ ಮೇಲೆ ಆಕಾಶ ಕಾಣುವ ಜಾಗ ಹುಡುಕಲು ಅರ್ಧ ಗಂಟೆ ಹಿಡಿಯಿತು. ಬೆಂಕಿಗೆ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಸುತ್ತ ಮೂರು ಮೀಟರ್ ದರಗೆಲ್ಲ ಗುಡಿಸಿ, ನೆಲಕ್ಕೆ ಬಿದ್ದ ಕಟ್ಟಿಗೆಯಲ್ಲಿ ಒಂದು ಮೀಟರಿಗಿಂತ ಉದ್ದದ್ದನ್ನು ಬಿಟ್ಟು ಉಳಿದದ್ದನ್ನು ಆಯ್ದೆ. ಇವೆಲ್ಲ ಕಾನೂನಿನಲ್ಲಿ ಬರೆದಿರುವ ಅಳತೆಗಳು. 2009ರ ಬೋಳು ಕಾಂಡಗಳನ್ನು ಮಧ್ಯಾಹ್ನವಷ್ಟೇ ನೋಡಿ ಬಂದವನಿಗೆ ಅವು ಸಣ್ಣಪುಟ್ಟ ಕಟ್ಟಳೆಗಳಾಗಿ ತೋರಲು ಸಾಧ್ಯವಿರಲಿಲ್ಲ. ಅನ್ನ ಮಾಡಿ, ಸಾರಿನ ಪುಡಿಯಲ್ಲಿ ತಿಳಿಸಾರು ಕುದಿಸಿ, ಅಪ್ಪೆಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಊಟ ಮಾಡಿದೆ. ಮಲಗುವ ಮೊದಲು ಬೆಂಕಿಯ ಮೇಲೆ ನೀರು ಸುರಿದು, ಕೆದಕಿ, ಮತ್ತೆ ಸುರಿದೆ. ಮಣ್ಣು ಮುಚ್ಚಿದರೆ ಒಳಗೆ ಕೆಂಡ ಗಂಟೆಗಟ್ಟಲೆ ಉಳಿಯುವುದರಿಂದ, ಕೈಯಿಟ್ಟು ತಣ್ಣಗಿದೆ ಎಂದು ಖಾತ್ರಿಯಾಗುವವರೆಗೆ ಅಲ್ಲಿಂದ ಏಳಲಿಲ್ಲ.

ನಡುರಾತ್ರಿ ತೊರೆಯ ಆಚೆಯಿಂದ ಬಂದ ಕೂಗು ನನ್ನನ್ನು ಎಬ್ಬಿಸಿತು. ಒಂದೇ ಗಟ್ಟಿಯಾದ, ಲೋಹದ ಸದ್ದಿನಂಥ ‘ಢಾಂಕ್’, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಅದು ಕಡವೆಯ ಕೂಗು ಎಂದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ; ತೋಟದ ಮನೆಯಲ್ಲಿ ಅದೇ ಕೂಗು ಕೇಳಿದಾಗ ಮೇಲಿನ ಬ್ಯಾಣದಲ್ಲಿ ಚಿರತೆಯೋ ಹುಲಿಯೋ ನಡೆದಾಡುತ್ತಿದೆ ಎಂದು ಹಿರಿಯರು ಹೇಳುತ್ತಿದ್ದರು. ಬೇಟೆಯ ಗೀಳಿನ ವಸಾಹತುಗಾರರು 1860ರ ದಶಕದಲ್ಲಿ ಭಾರತ ಉಪಖಂಡದ ಕಡೆಯಿಂದ ತಂದು ಬಿಟ್ಟ ಕಡವೆಗಳು ಇಲ್ಲಿನ ಕಾಡೆಲ್ಲ ಹಬ್ಬಿವೆ. ಅವುಗಳನ್ನು ಹಿಡಿಯುವ ದೊಡ್ಡ ಬೇಟೆಪ್ರಾಣಿ ಇಲ್ಲದ್ದರಿಂದ ಅವು ಎಳೆಗಿಡಗಳನ್ನು ಮೇದು, ತೊಗಟೆ ಉಜ್ಜಿ ಮರಗಳನ್ನು ಕೊಲ್ಲುತ್ತವೆ, ತೊರೆಯ ಅಂಚುಗಳನ್ನು ಕೆಸರು ಮಾಡುತ್ತವೆ. ಪರವಾನಗಿ ಪಡೆದವರು ವರ್ಷವಿಡೀ ಅವುಗಳನ್ನು ಬೇಟೆಯಾಡಬಹುದು. ಹುಲಿಯಿಲ್ಲದ ಕಾಡಿನಲ್ಲೂ ಅದು ಅದೇ ಎಚ್ಚರಿಕೆಯ ಕೂಗನ್ನು ಕೂಗುತ್ತಿತ್ತು, ಮತ್ತು ಆ ಹೊತ್ತಿನಲ್ಲಿ ಅದು ಎಚ್ಚರಗೊಂಡದ್ದು ನನ್ನ ವಾಸನೆಗೇ ಇರಬೇಕು. ಕಾಡಿಗೆ ಅದರಿಂದಾಗುವ ಹಾನಿ ಗೊತ್ತಿದ್ದೂ ಅದರ ಮೇಲೆ ಸಿಟ್ಟು ಬರಲಿಲ್ಲ.

ಬೆಳಗ್ಗೆ ಮೂರು ಡಿಗ್ರಿ ಚಳಿ. ಲೈರ್ ಹಕ್ಕಿಯೊಂದು ಹತ್ತಿರದಲ್ಲೇ ಕುಕಬರ, ವಿಪ್‌ಬರ್ಡ್, ಗಿಳಿಗಳ ದನಿಗಳನ್ನೆಲ್ಲ ಒಂದರ ಹಿಂದೆ ಒಂದು ಅನುಕರಿಸುತ್ತಿತ್ತು. ಗಂಡು ಹಕ್ಕಿಗಳು ಹಾಡುವ ಕಾಲ ಇದು.

ಭಾನುವಾರದ ಮುಖ್ಯ ಕೆಲಸ ನಕ್ಷೆಯಲ್ಲಿ ಗುರುತಿಸಿಕೊಂಡಿದ್ದ, ಗುಡ್ಡದ ಏಣಿನ (ನೆತ್ತಿಸಾಲಿನ) ಮೇಲಿನ ಒಂದು ದಾರಿ. ಮೇಲಿನ ರಸ್ತೆಯಿಂದ ಹೊರಟು, ಏಣಿನ ಮೇಲೆ ಸ್ವಲ್ಪ ದೂರ ಸಾಗಿ, ಒಮ್ಮೆಗೇ ಕಣಿವೆಗೆ ಇಳಿಯುತ್ತದೆ. ಇಳಿಜಾರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಿ, ಕೈಬ್ರೇಕ್ ಹಾಕಿ, ಒಂದು ಕೋಲು ಹಿಡಿದು ನಡೆದು ಇಳಿದೆ. ಕಾಣದ ದಾರಿಯನ್ನು ಮೊದಲು ಕಾಲಿನಿಂದ ನೋಡಬೇಕು, ಆಮೇಲೆ ಚಕ್ರದಿಂದ. ಮೊದಲ ನೂರು ಮೀಟರ್ ಕಲ್ಲು ಬೆರೆತ ಗಟ್ಟಿ ನೆಲ. ಮಳೆನೀರನ್ನು ಪಕ್ಕಕ್ಕೆ ತಿರುಗಿಸಲು ಅಡ್ಡಲಾಗಿ ಕಟ್ಟಿದ ಮಣ್ಣಿನ ದಿಬ್ಬಗಳು ಸರಿಯಾಗಿದ್ದವು. ಅಲ್ಲಿಂದ ಕೆಳಗೆ ಹಿಂದಿನ ವಾರದ ಮಳೆಗೆ ನೆನೆದ ಹಳದಿ ಜೇಡಿ. ದಿಬ್ಬವೊಂದು ಒಡೆದುಹೋಗಿ, ನೀರು ಚಕ್ರದ ಜಾಡಿನಲ್ಲೇ ಹರಿದು ಅದನ್ನು ನನ್ನ ಮೊಣಕಾಲಿನವರೆಗೆ ಕೊರೆದಿತ್ತು. ಬೂಟಿನ ಹಿಮ್ಮಡಿ ಊರಿದರೂ ಕಾಲು ಜಾರುತ್ತಿತ್ತು, ಮತ್ತು ಬೂಟಿನ ತಳ ನಾಲ್ಕು ಹೆಜ್ಜೆಯಲ್ಲೇ ಮಣ್ಣು ಮೆತ್ತಿ ನಯವಾಯಿತು. ಟೈರಿಗೂ ಅದೇ ಆಗುತ್ತದೆ.

ಫೋರ್ ಲೋದಲ್ಲಿ ಮೊದಲ ಗೇರ್ ಹಾಕಿ, ಬ್ರೇಕ್ ಮುಟ್ಟದೆ ಎಂಜಿನ್ನಿನ ತಡೆಯಲ್ಲೇ ಬಿಟ್ಟರೆ ಜಿಮ್ನಿ ಆ ಇಳಿಜಾರನ್ನು ಇಳಿಯುತ್ತಿತ್ತೆಂಬುದರಲ್ಲಿ ನನಗೆ ಹೆಚ್ಚಿನ ಅನುಮಾನವಿರಲಿಲ್ಲ. ಪ್ರಶ್ನೆ ಅದಲ್ಲ. ಕೆಳಗಿನ ತೊರೆಯ ದಾಟಿನಲ್ಲಿ ದೊಡ್ಡ ಮರವೊಂದು ಅಡ್ಡ ಬಿದ್ದಿದ್ದರೆ ಅಥವಾ ನೀರು ಹೆಚ್ಚಿದ್ದರೆ, ಅದೇ ಜೇಡಿಯನ್ನು ಮರಳಿ ಹತ್ತಲು ಆಗುತ್ತದೆಯೇ? ಇಳಿಯುವುದಕ್ಕೆ ತೂಕವೇ ಸಾಕು, ಹತ್ತುವುದಕ್ಕೆ ಹಿಡಿತ ಬೇಕು. ಇನ್ನೊಂದು ಗಾಡಿ ಮೇಲೆ ನಿಂತಿದ್ದರೆ ಹಗ್ಗ ಇಳಿಬಿಡಬಹುದಿತ್ತು. ಕೈವಿಂಚಿನಿಂದ ಒಬ್ಬನೇ ಎಳೆದುಕೊಂಡು ಬರಬಹುದಾದರೂ, ಅಷ್ಟು ಉದ್ದದ ಏರಿಗೆ ಇಡೀ ಹಗಲು ಬೇಕು. ಅಷ್ಟರಲ್ಲಿ ಆ ದಾರಿಯ ಗತಿ ಏನಾಗುತ್ತಿತ್ತೆಂಬುದನ್ನೂ ಲೆಕ್ಕ ಹಾಕಬೇಕಿತ್ತು. ಈಗಾಗಲೇ ಒಡೆದ ದಿಬ್ಬದ ಮೇಲೆ ನಾಲ್ಕು ಚಕ್ರಗಳನ್ನು ಸುತ್ತಿಸಿದರೆ, ಚಳಿಗಾಲದ ಮಳೆ ಉಳಿದದ್ದನ್ನು ತೊರೆಗೆ ಒಯ್ಯುತ್ತದೆ. ದಾರಿ ತೆರೆದಿತ್ತು, ಹೋಗಬಾರದೆಂದು ಬರೆದ ಫಲಕ ಇರಲಿಲ್ಲ, ಹೋದರೆ ಕೇಳುವವರೂ ಇರಲಿಲ್ಲ. ಅರ್ಧ ಗಂಟೆ ಅಲ್ಲೇ ಕಲ್ಲಿನ ಮೇಲೆ ಕುಳಿತು ಯೋಚಿಸಿ, ಮೇಲೆ ಹತ್ತಿ ಬಂದು, ಅಗಲವಿದ್ದಲ್ಲಿ ಗಾಡಿ ತಿರುಗಿಸಿದೆ. ನಿರಾಸೆಯಾಗಲಿಲ್ಲ. ಯಾವ ದಾರಿಯನ್ನು ನಾನೇ ಓದಬೇಕೆಂದು ಬಂದಿದ್ದೆನೋ ಅದನ್ನು ಓದಿದ್ದೆ.

ಮುರಿಂಡಿಂಡಿ ಕಣಿವೆಯ ಒಳ್ಳೆಯ ರಸ್ತೆಯಲ್ಲೇ ಹೊರಬಂದು, ಡಾಂಬರು ಸಿಕ್ಕಿದಲ್ಲಿ ಸಣ್ಣ ಕಂಪ್ರೆಸರಿನಿಂದ ಟೈರುಗಳಿಗೆ ಗಾಳಿ ತುಂಬಿದೆ. ಸಿಗ್ನಲ್ ಸಿಕ್ಕೊಡನೆ ಮನೆಗೆ ಫೋನ್ ಮಾಡಿದಾಗ ಮೂರು ಗಂಟೆ.

ಊರು ಸೇರುವ ಮೊದಲು ಗಾಡಿ ತೊಳೆಯುವ ಜಾಗದಲ್ಲಿ ನಿಂತು ತಳಭಾಗದ ಕೆಸರನ್ನೆಲ್ಲ ನೀರಿನ ರಭಸಕ್ಕೆ ಹಿಡಿದು ತೆಗೆದೆ. ಇದು ಗಾಡಿ ಚೆಂದ ಕಾಣಲೆಂದು ಮಾಡುವ ಕೆಲಸವಲ್ಲ. ವಿಕ್ಟೋರಿಯದ ಹಲವು ಕಾಡುಗಳಲ್ಲಿ ಬೇರು ಕೊಳೆಸಿ ಗಿಡಗಳನ್ನು ಕೊಲ್ಲುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಹಸಿ ಮಣ್ಣಿನ ಜೊತೆ ಚಕ್ರಕ್ಕೆ, ಬೂಟಿಗೆ ಅಂಟಿಕೊಂಡು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ನಮ್ಮ ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ತರುವುದೂ ಇದೇ ಕುಲದ ಜೀವಿ. ಅಡಿಕೆಯ ಗೊನೆಗೊನೆಗೂ ಬೋರ್ಡೋ ದ್ರಾವಣ ಹೊಡೆಸಲು ಅಪ್ಪಯ್ಯ ಆಷಾಢದ ಮಳೆ ಬಿಡುವು ಕೊಡುವುದನ್ನೇ ಕಾಯುತ್ತಿದ್ದುದನ್ನು ನೋಡಿದ್ದ ನನಗೆ ಆ ಹೆಸರನ್ನು ಇಲ್ಲಿನ ಕಾಡಿನ ಫಲಕದ ಮೇಲೆ ಮೊದಲ ಬಾರಿ ಓದಿದಾಗ ಮೈ ಜುಮ್ಮೆಂದಿತ್ತು. ತೋಟಕ್ಕಾದರೆ ಔಷಧಿ ಹೊಡೆಯಬಹುದು, ಕಾಡಿಗೆ ಹೊಡೆಯುವವರಿಲ್ಲ. ಹಲಗೆಗಳನ್ನೂ ಸಲಿಕೆಯನ್ನೂ ಬೂಟುಗಳನ್ನೂ ಉಜ್ಜಿ ತೊಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ಒಡೆದ ದಿಬ್ಬದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಫೋಟೊ ಸಮೇತ ಕಾಡಿನ ಇಲಾಖೆಗೆ ಕಳಿಸಿದ್ದೇನೆ. ನವೆಂಬರಿನಲ್ಲಿ ದಾರಿಗಳು ಮತ್ತೆ ತೆರೆದು ಜೇಡಿ ಒಣಗಿದ ಮೇಲೆ, ಆ ಇಳಿಜಾರನ್ನು ಈ ಸಲ ಕೆಳಗಿನಿಂದ ಮೇಲಕ್ಕೆ ಹತ್ತಿ ನೋಡಬೇಕೆಂದಿದ್ದೇನೆ. ಕೆಳಗಿನಿಂದ ಹೊರಟವನು ಆಗದಿದ್ದಾಗ ನಿಂತಲ್ಲಿಂದಲೇ ಹಿಂದಕ್ಕೆ ಇಳಿಯಬಹುದು.