ಸೋಮನಾಥಪುರದ ಉತ್ತರ ಭಿತ್ತಿ ಮತ್ತು ಡಿಸೆಂಬರ್ ಬಿಸಿಲು

ಸೋಮನಾಥಪುರದ ಕೇಶವ ದೇವಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಪೂರ್ವದ ಮಹಾದ್ವಾರ ದಾಟಿದ ಕೂಡಲೇ ನಿಂತು ಚಿತ್ರ ತೆಗೆಯುತ್ತಾರೆ. ನನಗೆ ಆ ಚಿತ್ರ ಎಂದೂ ರುಚಿಸಿಲ್ಲ. ಅದರಲ್ಲಿ ಮುಂಭಾಗದ ಮಂಟಪವೇ ಚೌಕಟ್ಟನ್ನೆಲ್ಲ ಆಕ್ರಮಿಸಿಕೊಂಡು, ಮೂರು ಶಿಖರಗಳು ಅದರ ಬೆನ್ನಿಗೆ ಅವಿತು ನಿಂತಂತೆ ಕಾಣುತ್ತವೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು 1268ರಲ್ಲಿ ಕಟ್ಟಿಸಿದ ಈ ತ್ರಿಕೂಟದ ನಿಜವಾದ ಸೊಬಗು ಹಿಂಬದಿಯಲ್ಲಿದೆ. ಪಶ್ಚಿಮದ ಕೇಶವ, ಉತ್ತರದ ಜನಾರ್ದನ, ದಕ್ಷಿಣದ ವೇಣುಗೋಪಾಲ ಈ ಮೂರೂ ಗರ್ಭಗುಡಿಗಳು ನಕ್ಷತ್ರದ ಮೊನೆಗಳಂತೆ ಹೊರಚಾಚಿ, ಅದೇ ಆಕಾರವನ್ನು ಅನುಸರಿಸುವ ಜಗತಿಯ, ಅಂದರೆ ಎತ್ತರದ ಕಲ್ಲುಕಟ್ಟೆಯ, ಮೇಲೆ ನಿಂತಿರುವುದು ಅಲ್ಲಿಂದಲೇ ಕಣ್ಣಿಗೆ ತುಂಬುತ್ತದೆ. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಉಳಿದುಕೊಂಡು ಸುತ್ತಮುತ್ತಲ ಊರುಗಳನ್ನೆಲ್ಲ ನೋಡಿದೆನಾದರೂ, ಬರೆಯಬೇಕೆನಿಸಿದ್ದು ಇಲ್ಲಿ ಕಳೆದ ಒಂದು ಅಪರಾಹ್ನವನ್ನು ಕುರಿತು ಮಾತ್ರ.

ಬೆಳಗಿನ ಹೊತ್ತು ದೇವಾಲಯದ ಹಿಂಬದಿ ಪೂರ್ತಿ ನೆರಳಿನಲ್ಲಿರುತ್ತದೆ, ಆದ್ದರಿಂದ ನಾನು ಮಧ್ಯಾಹ್ನದ ಮೇಲೆ ಬಂದಿದ್ದೆ. ಅಂಗಳದ ನೈರುತ್ಯ ಮೂಲೆಯ ಕೈಸಾಲೆಯಲ್ಲಿ, ಅಂದರೆ ಸುತ್ತುಗೋಡೆಗೆ ಒತ್ತಿರುವ ಕಂಬದ ಪಡಸಾಲೆಯಲ್ಲಿ, ಕಂಬಗಳ ಸಾಲಿನ ಅಂಚಿಗೆ ನಿಂತರೆ ಎರಡು ಅನುಕೂಲಗಳಿವೆ. ಸುತ್ತಲೂ ಗೋಡೆಯಿರುವ ಈ ಅಂಗಳದಲ್ಲಿ ಅದಕ್ಕಿಂತ ಹಿಂದೆ ಸರಿಯಲು ಜಾಗವಿಲ್ಲ, ಮತ್ತು ಕೈಸಾಲೆಯ ನೆಲ ಅಂಗಳಕ್ಕಿಂತ ಎತ್ತರದಲ್ಲಿರುವುದರಿಂದ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸದೆ ಮಟ್ಟವಾಗಿ ಹಿಡಿಯಬಹುದು. ವಾಲಿಸಿದೊಡನೆ ಗೋಡೆಗಳ ನೇರ ಗೆರೆಗಳು ಮೇಲೆ ಹೋದಂತೆ ಒಂದರ ಕಡೆಗೊಂದು ಬಾಗಿ, ದೇವಾಲಯವೇ ಹಿಂದಕ್ಕೆ ಬೀಳುತ್ತಿರುವಂತೆ ತೋರುತ್ತದೆ. ಅಗಲ ನೋಟದ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಉದ್ದುದ್ದ ಹಿಡಿದು, ಚಿತ್ರದ ಕೆಳಭಾಗದಲ್ಲಿ ಬರುವ ಖಾಲಿ ಅಂಗಳವನ್ನು ಆಮೇಲೆ ಕತ್ತರಿಸುವುದೇ ಮೇಲು. ಗೆರೆಗಳನ್ನು ಕಂಪ್ಯೂಟರಿನಲ್ಲಿ ಎಳೆದು ನೇರ ಮಾಡಬಹುದು, ಆದರೆ ಹಾಗೆ ಮಾಡಿದಾಗ ಶಿಖರದ ಭಾಗದ ಸೂಕ್ಷ್ಮ ಕೆತ್ತನೆ ಹಿಗ್ಗಿ ಮಸುಕಾಗುತ್ತದೆ.

ನಾನು ತಂದಿದ್ದ ಬಾಡಿಗೆ ಲೆನ್ಸಿನ ವಿಷಯ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಬಲ ಅಂಚಿನಲ್ಲಿ ಅದು ತೆಗೆದದ್ದೆಲ್ಲ ಮಸುಕು: ಗೋಡೆಯ ಆನೆಗಳ ಪಟ್ಟಿಕೆಯಲ್ಲಿ, ಅಂದರೆ ಉದ್ದಕ್ಕೂ ಸಾಗುವ ಕೆತ್ತನೆಯ ಸಾಲಿನಲ್ಲಿ, ಎಡಗಡೆಯ ಆನೆಯ ಸೊಂಡಿಲಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದರೆ, ಅದೇ ಪಟ್ಟಿಕೆಯ ಬಲತುದಿಯ ಆನೆಗಳು ಕರಗಿದ ಮೇಣದಂತಿದ್ದವು. ಬಾಡಿಗೆಗೆ ಕೊಟ್ಟವರು ಹಣ ಮರಳಿಸಿದರು, ಬಿಸಿಲನ್ನಲ್ಲ. ಕಟ್ಟಡಗಳ ಚಿತ್ರಕ್ಕೆ ಲೆನ್ಸ್ ತರುವವರು ಹಿಂದಿನ ದಿನವೇ ಒಂದು ಇಟ್ಟಿಗೆ ಗೋಡೆಯ ಎದುರು ನೇರವಾಗಿ ನಿಂತು, ಲೆನ್ಸಿನ ತೆರಪನ್ನು ಎಫ್/8ಕ್ಕೆ ಇಟ್ಟು ಒಂದು ಚಿತ್ರ ತೆಗೆದು, ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿಕೊಳ್ಳಲಿ.

ನನ್ನದೇ ಹಳೆಯ ಲೆನ್ಸಿಗೆ ಮರಳಿ ಉತ್ತರದ ಕಡೆಗೆ ಹೋದಾಗ, ವಾಸ್ತುಶಿಲ್ಪದ ವಿದ್ಯಾರ್ಥಿನಿಯೊಬ್ಬರು ದೇವಾಲಯದ ತಳವಿನ್ಯಾಸವನ್ನು ಕಾಗದದ ಮೇಲೆ ಬರೆಯುತ್ತ ಕುಳಿತಿದ್ದರು. ಆ ಬದಿ ನಿಸ್ತೇಜವಾಗಿತ್ತು. ಡಿಸೆಂಬರಿನಲ್ಲಿ ಸೂರ್ಯ ಇಡೀ ದಿನ ದಕ್ಷಿಣಕ್ಕೇ ವಾಲಿರುವುದರಿಂದ ಉತ್ತರದ ಗೋಡೆಗೆ ಬಿಸಿಲು ಬೀಳುವುದಿಲ್ಲ, ಇಲ್ಲಿ ನಿಂತು ಪ್ರಯೋಜನವಿಲ್ಲ ಎಂದೆ.

"ಅದು ಚಪ್ಪಟೆ ಗೋಡೆಯ ಮಾತು, ಸರ್. ಇಲ್ಲಿ ನೇರ ಉತ್ತರಕ್ಕೆ ಮುಖ ಮಾಡಿದ ಗೋಡೆ ಎಷ್ಟಿದೆ, ನೋಡಿ," ಎಂದು ಅವರು ಕಾಗದದ ಮೇಲೆ ಪೆನ್ಸಿಲನ್ನು ಬಿಸಿಲಿನ ದಿಕ್ಕಿಗೆ ಓರೆಯಾಗಿ ಇಟ್ಟು ತೋರಿಸಿದರು. ನಕ್ಷತ್ರದ ಪ್ರತಿ ಮೊನೆಗೂ ಎರಡು ಮೈಗಳು, ಅವುಗಳಲ್ಲಿ ಒಂದು ವಾಯವ್ಯಕ್ಕೆ ತಿರುಗಿದೆ, ನೈರುತ್ಯದಲ್ಲಿ ಇಳಿಯುವ ಸೂರ್ಯನ ಕಿರಣ ಆ ಮೈಯನ್ನು ಸವರಿಕೊಂಡು ಹೋಗಲೇಬೇಕು. "ಇನ್ನೊಂದು ಅರ್ಧ ಗಂಟೆ ಕಾಯಿರಿ. ಅಷ್ಟರಲ್ಲಿ ಹೇಳಿ, ಫೋಟೊದವರೆಲ್ಲ ಶಿಖರವನ್ನು ಯಾಕೆ ಬಾಗಿಸುತ್ತೀರಿ? ನಾವು ಹಾಗೆ ಬರೆದರೆ ನಮ್ಮ ಮೇಷ್ಟ್ರು ಕಾಗದ ಹರಿದು ಹಾಕುತ್ತಾರೆ." ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟು, ಪರದೆಯ ಮೇಲಿನ ಮಟ್ಟದ ಗೆರೆಯನ್ನು ತೋರಿಸಿದೆ. ಕೊಂಚ ವಾಲಿಸಿ, ಮತ್ತೆ ನೆಟ್ಟಗೆ ಹಿಡಿದು ನೋಡಿದ ಅವರು, "ಕುತ್ತಿಗೆ ಎತ್ತುವ ಬದಲು ಮೆಟ್ಟಿಲು ಹತ್ತಬೇಕು ಅನ್ನಿ," ಎಂದರು.

ನಾಲ್ಕೂವರೆಯ ಸುಮಾರಿಗೆ ಅವರ ಮಾತು ನಿಜವಾಯಿತು. ಕೇಶವನ ಗರ್ಭಗುಡಿಯ ಹೊರಗೋಡೆಯಲ್ಲಿ ಮೊದಲು ಒಂದು ಅಂಚು ಮಾತ್ರ ಹೊಳೆಯಿತು. ಬಳಿಕ ಆ ಮೈಯ ವಿಗ್ರಹವೊಂದರ ಮೂಗು, ಕಿರೀಟದ ಮಣಿಗಳು, ಎದೆಯ ಹಾರದ ಎಳೆಗಳು ಒಂದೊಂದೂ ತನ್ನದೇ ನೆರಳನ್ನು ಪಡೆದು ಮೇಲೆದ್ದವು. ಪಕ್ಕದ ಮೈ ಇನ್ನೂ ಕತ್ತಲೆಯಲ್ಲಿತ್ತು. ಎದುರಿನಿಂದ ಬಿದ್ದ ಬಿಸಿಲಿನಲ್ಲಿ ಬರಿಯ ವಿನ್ಯಾಸವಾಗಿ ಕಾಣುವ ಕೆತ್ತನೆಗೆ ಓರೆ ಬಿಸಿಲಿನಲ್ಲಿ ಆಳ ಬರುತ್ತದೆ.

ಎಕ್ಸ್‌ಪೋಷರಿನ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬುದರ, ಕಷ್ಟ ಶುರುವಾಗುವುದು ಇಂಥಲ್ಲೇ. ಬಳಪದ ಕಲ್ಲು ಗಾಳಿಮಳೆಗೆ ಒಡ್ಡಿಕೊಂಡು ಕಪ್ಪಾಗಿದೆ, ಆದರೆ ಕ್ಯಾಮೆರಾದ ಬೆಳಕಳೆಯುವ ಮೀಟರು ಎದುರಿಗಿರುವುದನ್ನೆಲ್ಲ ನಡುಬೂದು ಬಣ್ಣವೆಂದೇ ಭಾವಿಸುತ್ತದೆ. ಚೌಕಟ್ಟಿನ ತುಂಬ ಕಲ್ಲೇ ಇದ್ದರೆ ಅದನ್ನು ಬೆಳಗಿಸಿ ಸಿಮೆಂಟಿನಂತೆ ತೋರಿಸುತ್ತದೆ, ಆಕಾಶ ಹೆಚ್ಚಿದ್ದರೆ ಕಲ್ಲನ್ನು ಇದ್ದಿಲಾಗಿಸುತ್ತದೆ. ಬಿಸಿಲು ಬಿದ್ದ ಮೈಯೊಂದರ ಮೇಲೆ ಮಾತ್ರ ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಿಂದ ಅಳೆದು, ಆ ಅಳತೆಗಿಂತ ಸುಮಾರು ಮೂರನೆಯ ಎರಡು ಸ್ಟಾಪ್ (ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸಿ, ಕೈಯಾರೆ ಹೊಂದಿಸುವ ಮ್ಯಾನುಯಲ್‌ನಲ್ಲಿ ಅದನ್ನೇ ಕಾಯ್ದುಕೊಂಡೆ. ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸಿದರೂ ಕಲ್ಲಿನ ಬಣ್ಣ ಬದಲಾಗಲಿಲ್ಲ. ಚಿತ್ರದ ಕತ್ತಲೆ ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಅದರ ಬಲ ಅಂಚಿಗೆ ತಾಗದಂತೆ ನೋಡಿಕೊಂಡು, ನೆರಳನ್ನು ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಕಡತದಲ್ಲಿ ಕೊಂಚವೇ ಎತ್ತಿದರೆ ಸಾಕು. ಹಲವು ಎಕ್ಸ್‌ಪೋಷರುಗಳನ್ನು ಬೆಸೆದು ಮೂಲೆಮೂಲೆಯನ್ನೂ ಬೆಳಗಿಸಿದ ಚಿತ್ರಗಳನ್ನು ಕಂಡರೆ ನನಗಾಗದು. ಶಿಲ್ಪಿ ಕಷ್ಟಪಟ್ಟು ಬಿಡಿಸಿದ ಮಡಿಕೆಗಳನ್ನೆಲ್ಲ ಅವು ಅಳಿಸಿಹಾಕುತ್ತವೆ.

ಕೈಸಾಲೆಯ ನೆರಳು ಜಗತಿಯನ್ನೇರಿ ಕೆಳಗಿನ ಪಟ್ಟಿಕೆಗಳನ್ನು ಮುಚ್ಚತೊಡಗಿದಾಗ ಕೆಲಸ ನಿಲ್ಲಿಸಿದೆ. ಉತ್ತರ ಭಿತ್ತಿಯನ್ನು ಪೂರ್ತಿ ಬಿಸಿಲಿನಲ್ಲಿ ನೋಡಬೇಕೆನ್ನುವವರು ಮೇ ತಿಂಗಳಲ್ಲಿ ಬರಬೇಕು. ಆಗ ಸೂರ್ಯ ಈಶಾನ್ಯದ ಕಡೆಯಿಂದ ಹುಟ್ಟಿ ನಡುಹಗಲಿಗೂ ಇಲ್ಲಿಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಜೂನ್ ಜುಲೈಗಳಲ್ಲಿಯೂ ಅವನ ದಾರಿ ಹಾಗೆಯೇ ಇದ್ದರೂ ಮುಂಗಾರಿನ ಮೋಡದ ಮೇಲೆ ಭರವಸೆಯಿಡುವಂತಿಲ್ಲ. ನಾನು ಮೇ ಮೊದಲ ವಾರಕ್ಕೆ ರಜೆ ಬರೆದುಕೊಟ್ಟಿದ್ದೇನೆ.