ಹೋಟೆಲ್ ರಿಜಿಸ್ಟರ್: ಐವತ್ತು ಅಂಕದ ಪಟ್ಟಿ ಹರಿದು ಹಾಕಿದ್ದು

ಊಟಕ್ಕೆ ಹೋದ ಹೋಟೆಲುಗಳಿಗೆ ಅಂಕ ಹಾಕೋಕೆ ಅಂತ ಮೂರು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಐವತ್ತು ಅಂಕದ ಪಟ್ಟಿಯನ್ನ ಕಳೆದ ಭಾನುವಾರ ಹರಿದು ಒಗೆದೆ. ಆ ಜಾಗಕ್ಕೀಗ ಒಂದೇ ಒಂದು ಪ್ರಶ್ನೆ ಬಂದು ಕೂತಿದೆ. ಅದನ್ನೂ ಊಟ ಮಾಡಿದ ದಿನ ಕೇಳೋ ಹಾಗಿಲ್ಲ, ಇಪ್ಪತ್ತೊಂದು ದಿನ ಬಿಟ್ಟು ಕೇಳಬೇಕು. ಇದೇ ಹುಚ್ಚು ಹತ್ತಿಸಿಕೊಂಡಿರೋರಿಗೆ ಉಪಯೋಗಕ್ಕೆ ಬಂದೀತು ಅಂತ ಬರೆದಿಡ್ತಿದೀನಿ.

ತಿಂಗಳಿಗೊಂದು ಹೊರಗಿನ ಊಟ, ಬೆಂಗಳೂರೊಳಗೆ, ಜಾಗ ಆರಿಸೋದು ನಾನು. ರಿಜಿಸ್ಟರಿಗೆ ಗೆರೆ ಹಾಕೋದು, ನಕ್ಷೆಯಲ್ಲಿ ಗುರುತು ಮಾಡೋದು ಇವೆಲ್ಲ ನಿಮಗೂ ಗೊತ್ತಿರೋದೇ, ಬಿಡ್ತೀನಿ. ಒಂದೇ ಮಾತು: ಬಿಲ್ ಅಂಟಿಸೋ ಮುಂಚೆ ಫೋಟೋ ತಗೊಳ್ಳಿ. ಮಷೀನಿನ ಬಿಲ್ಲು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತೆ. ನನ್ನ ಮೊದಲ ವರ್ಷದ ರಿಜಿಸ್ಟರ್ ಈಗ ಬಿಳಿ ಚೀಟಿಗಳ ಆಲ್ಬಮ್ಮು.

ಸಮಸ್ಯೆ ಶುರುವಾದದ್ದು ಜನವರಿಯಲ್ಲಿ. ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ತಗೊಂಡ ಜಾಗಕ್ಕೇ ಕರಕೊಂಡು ಹೋದೆ. ಮಹಡಿ ಮೇಲಿನ ಹೋಟೆಲು, ಹೆಸರು ಬೇಡ. ರುಚಿಗೆ ಎಂಟೂವರೆ, ಕೂರೋ ವ್ಯವಸ್ಥೆಗೆ ಒಂಬತ್ತು, ಪಾರ್ಕಿಂಗಿಗೆ ಹತ್ತಕ್ಕೆ ಹತ್ತು. ಒಟ್ಟು ನಲವತ್ಮೂರು. ಬಿಲ್ ಎಷ್ಟಾಯ್ತು ಅನ್ನೋದನ್ನ ಹೆಂಡತಿ ಇದನ್ನ ಓದೋ ಸಾಧ್ಯತೆ ಇರೋದರಿಂದ ಬರೆಯಲ್ಲ. ಮೂರು ವಾರ ಕಳೆದು ಅಮ್ಮನಿಗೆ ಫೋನ್ ಮಾಡಿದಾಗ ಆ ಊಟದ ಮಾತು ತೆಗೆದೆ.

"ಯಾವ್ದೋ ಅದು? ಆ ಕತ್ಲೆ ಹೋಟ್ಲಾ?" ಅಂದರು. ಏನು ತಿಂದ್ವಿ ಅಂತ ಕೇಳಿದೆ. "ಅದೇನೋ ಕಣೋ, ಚೆನ್ನಾಗಿತ್ತು."

ಅಷ್ಟೇ. ನಲವತ್ಮೂರು ಅಂಕ!

ಅದೇ ಫೋನಿನಲ್ಲಿ, ನಾನು ಕೇಳದೇನೇ, ದೋಸೆ ಹೋಟೆಲು ವಿದ್ಯಾರ್ಥಿ ಭವನದ ಕಥೆ ಶುರುವಾಯಿತು. ಹೋಗಿ ಏಳು ತಿಂಗಳಾಗಿತ್ತು. ಗಾಂಧಿಬಜಾರಿನಲ್ಲಿ ಫುಟ್‌ಪಾತ್ ಮೇಲೆ ನಿಂತು ಹೆಸರು ಕೂಗೋದನ್ನ ಕಾದಿದ್ದು, ನಮ್ಮ ಟೇಬಲ್ಲಿಗೆ ಗುರುತು ಪರಿಚಯ ಇಲ್ಲದ ಗಂಡಹೆಂಡತಿ ಬಂದು ಕೂತಿದ್ದು, ಆಯಮ್ಮನ ಊರು ತಿಪಟೂರು ಅಂತ ಗೊತ್ತಾಗಿದ್ದು. ಆಮೇಲೆ ಸಪ್ಲೈಯರು ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬಂದಿದ್ದು. "ಹನ್ನೆರಡಿತ್ತು, ನಾನು ಎಣಿಸ್ದೆ. ಮೇಲಿಂದ ಒಂದೊಂದೇ ಇಳಿಸ್ತಾ ಹೋದ, ಒಂದು ತೊಟ್ಟು ಚಟ್ನಿ ಬೀಳ್ಲಿಲ್ಲ." ರಿಜಿಸ್ಟರ್ ತೆಗೆದು ನೋಡಿದೆ. ನಾನು ಆ ಊಟಕ್ಕೆ ಕೊಟ್ಟಿದ್ದು ಇಪ್ಪತ್ತಕ್ಕಿಂತ ಕಮ್ಮಿ. ಕಾಯೋದಕ್ಕೆ ಸೊನ್ನೆ, ಏಕಾಂತಕ್ಕೆ ಸೊನ್ನೆ, ಪಾರ್ಕಿಂಗಿಗೆ ಸೊನ್ನೆ. ಅಮ್ಮನ ನೆನಪಿನಲ್ಲಿ ಉಳಿದದ್ದೆಲ್ಲ ನಾನು ಸೊನ್ನೆ ಕೊಟ್ಟ ಕಾಲಮ್ಮಿನಲ್ಲೇ ಇತ್ತು.

ಮೊದಲು ತಪ್ಪು ಅಳತೆಯಲ್ಲಿದೆ ಅಂದುಕೊಂಡೆ, ನಮ್ಮಂಥೋರ ಸಹಜ ಬುದ್ಧಿ. ಇನ್ನೂ ಸೂಕ್ಷ್ಮವಾಗಿ ಅಳೆದರೆ ಸರಿಹೋಗುತ್ತೆ ಅಂತ ಕಾಫಿಯ ಬಿಸಿ ನೋಡೋಕೆ ಆನ್‌ಲೈನಲ್ಲಿ ಥರ್ಮಾಮೀಟರ್ ತರಿಸಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರೋದರಿಂದ ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲಿ ಕುದೀಬೇಕು. ಇದು ಕೊತಕೊತ ಕುದಿಯೋ ನೀರಿಗೆ 71 ಅಂತು. ವಾಪಸ್ ಕಳಿಸಿದೆ. ಬದಲಿಗೆ ಬಂದದ್ದು ಜ್ವರ ನೋಡೋ ಥರ್ಮಾಮೀಟರು. ಮಾರಿದವನ ಉತ್ತರ: "ಎರಡೂ ಬಿಸೀನೇ ಅಲ್ವಾ ಸರ್."

ಇನ್ನು ಮಾಹಿತಿ ಸರಬರಾಜು ಮಾಡೋರ ಕಥೆ. ರೀಲ್ಸ್ ಹುಡುಗರಿಗೆ ಬೆಂಗಳೂರಿನ ಪ್ರತಿಯೊಂದು ಇಡ್ಲಿಯೂ "ಬಾಯಲ್ಲಿಟ್ಟರೆ ಕರಗುತ್ತೆ". ಕರಗೋ ಇಡ್ಲಿಗೆ ಚಟ್ನಿ ಯಾಕಪ್ಪ, ಸ್ಟ್ರಾ ಹಾಕಿ ಕುಡೀಬಹುದಲ್ಲ. ಆಫೀಸಿನ ಮಿತ್ರರು ತಾವು ಯಾವತ್ತೂ ಹೋಗಿರದ ಹೋಟೆಲನ್ನೇ ಶಿಫಾರಸು ಮಾಡ್ತಾರೆ. ಮೂರು ವರ್ಷದಲ್ಲಿ ಒಂದೂ ಹುಸಿಯಾಗದ ಸುದ್ದಿ ಕೊಟ್ಟಿರೋದು ನಮ್ಮ ಬೀದಿಯ ಗ್ಯಾಸ್ ಸಿಲಿಂಡರ್ ಹುಡುಗ ಒಬ್ಬನೇ.

ದಾರಿ ಸಿಕ್ಕಿದ್ದು ಫೆಬ್ರವರಿಯಲ್ಲಿ. ರಿಜಿಸ್ಟರಿನ ಮೂವತ್ನಾಲ್ಕು ಊಟಕ್ಕೂ ಜೊತೆಗೆ ಬಂದಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಸುಳಿವು ಕೊಡಬಾರದು, ಫೋಟೋ ತೋರಿಸಬಾರದು. "ಅವತ್ತು ಅಲ್ಲಿ ಏನಾಯ್ತು?" ಅಂತಷ್ಟೇ. ಭಾವ ಒಬ್ಬರು ಯಾವುದೋ ಪೊಲೀಸ್ ಕೇಸು ಅಂತ ಗಾಬರಿಯಾದರು. ಹತ್ತೊಂಬತ್ತು ಊಟಗಳಲ್ಲಿ ಯಾರಿಗೂ ಏನೂ ನೆನಪಿಲ್ಲ, ನನಗೂ ಇಲ್ಲ. ಆ ಹತ್ತೊಂಬತ್ತರಲ್ಲಿ ಬಹುತೇಕ ಜಾಗದ ಮೆನು ಹತ್ತು ಪುಟಕ್ಕಿಂತ ದಪ್ಪ. ಒಂದೇ ಅಡುಗೆಮನೆಯಿಂದ ಗೋಬಿ ಮಂಚೂರಿ, ಪಾಸ್ತಾ, ಅಕ್ಕಿರೊಟ್ಟಿ ಮೂರೂ ಬರುತ್ತೆ ಅಂದರೆ ನೆನಪು ತಾನೇ ಎಲ್ಲಿ ನಿಲ್ಲಬೇಕು?

ಉಳಿದ ಹದಿನೈದರಲ್ಲಿ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಎಲ್ಲರ ಬಾಯಲ್ಲೂ ಬಂತು. 1965ರಿಂದ ಇರೋ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಹೆಚ್ಚುಕಡಿಮೆ ಅಲ್ಲಿಗೆ ಬೋರ್ಡು ಮುಗೀತು. ಜನ ನೆನಪಿಟ್ಟುಕೊಂಡದ್ದು ಅಲ್ಲಿ ಇಲ್ಲದ ಸಾಂಬಾರನ್ನ! ಭಾವ ಅವತ್ತು ಅಭ್ಯಾಸಬಲದಿಂದ "ಒಂದ್ ಬಟ್ಲು ಸಾಂಬಾರ್" ಅಂದದ್ದು, ಪಕ್ಕದಲ್ಲಿ ಕಟ್ಟೆ ಮೇಲೆ ಕೂತಿದ್ದ ತಾತ ತಿನ್ನೋದು ನಿಲ್ಲಿಸಿ ಭಾವನ ಮುಖ ನೋಡಿದ್ದು, ಆಮೇಲೆ ಚಟ್ನಿಗೆ ಮೂರು ಸಲ ಕೈ ಒಡ್ಡಿದ್ದು. ನಮ್ಮ ಮನೇಲಿ ಈಗ "ಸಾಂಬಾರ್ ಕೇಳ್ಬೇಡ" ಅನ್ನೋದು ಗಾದೆ ಆಗಿಬಿಟ್ಟಿದೆ.

ಕಥೆ ಇದ್ದರೆ ಜಾಗ ನೆನಪಿರುತ್ತೆ ಅನ್ನೋದು ನನ್ನ ಇನ್ನೊಂದು ಊಹೆ. ಎಂಟಿಆರ್ ಅದಕ್ಕೆ ಒಳ್ಳೆ ಪರೀಕ್ಷೆ. 1924ರಲ್ಲಿ ಶುರುವಾದದ್ದು, ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು, ಎಲ್ಲವನ್ನೂ ಮಗಳಿಗೆ ಟೇಬಲ್ ಮುಂದೆ ಕೂರಿಸಿಕೊಂಡು ವಿವರವಾಗಿ ಹೇಳಿದ್ದೆ. ಒಂದಕ್ಷರ ನೆನಪಿಲ್ಲ. "ಇಡ್ಲಿ ತಲೆ ಮೇಲೆ ಗೋಡಂಬಿ ಕೂತಿತ್ತು, ತುಪ್ಪಕ್ಕೆ ಪುಟ್ಟ ಬಟ್ಲು ಕೊಟ್ರು, ನಾನೇ ಸುರ್ಕೊಂಡೆ" ಅಂದಳು. ಕಥೆಯ ಊಹೆಯನ್ನ ಅಲ್ಲೇ ಕೈಬಿಟ್ಟೆ. ಅವಳಿಗೆ ಉಳಿದದ್ದು ತನ್ನ ಕೈಯಾರೆ ಮಾಡಿದ ಒಂದು ಕೆಲಸ, ಅಮ್ಮನಿಗೆ ಕಣ್ಣಾರೆ ಎಣಿಸಿದ ಹನ್ನೆರಡು ತಟ್ಟೆ.

ಹೀಗೆ ಹೊಸ ನಿಯಮ ತಯಾರಾಯಿತು: ಮೆನು ಒಂದು ಬೋರ್ಡಿನಲ್ಲಿ ಹಿಡಿಸಬೇಕು, ಕೆಲಸ ಮಾಡೋ ಕೈ ಕೂತಲ್ಲಿಗೆ ಕಾಣಬೇಕು, ತಿನ್ನೋರಿಗೂ ಏನಾದರೂ ಕೆಲಸ ಇರಬೇಕು. ನಂತರ ಇಪ್ಪತ್ತೊಂದನೇ ದಿನದ ಫೋನು.

ಗೆದ್ದೆ ಅಂದುಕೊಂಡು ಫೋನಿನ ಫಲಿತಾಂಶವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಮೊದಲ ಸ್ಥಾನದಲ್ಲಿ ಒಂದು ದರಿದ್ರ ಹೋಟೆಲು! ಸಾಗುವಿನಲ್ಲಿ ಕೂದಲು ಬಂದದ್ದು, ಗಲ್ಲಾದಲ್ಲಿ ಕೂತಿದ್ದವರು "ಉದ್ದ ಇದೆ, ನಮ್ಮ ಅಡುಗೆಯವರದ್ದಲ್ಲ" ಅಂತ ವಾದಿಸಿದ್ದು. ಬಂದಿದ್ದ ಏಳೂ ಜನಕ್ಕೆ ಕೂದಲಿನ ಬಣ್ಣದ ಸಮೇತ ನೆನಪಿದೆ. ನೆನಪೇ ಅಳತೆ ಆದರೆ ಪ್ರತಿ ವರ್ಷ ಅಲ್ಲಿಗೇ ಹೋಗಬೇಕಾಗುತ್ತೆ.

ಇದರ ಮೇಲೆ ಎರಡು ವಾರ ತಲೆ ಕೆಟ್ಟುಹೋಯಿತು. "ಖುಷಿ ಆಯ್ತಾ" ಅಂತ ಇನ್ನೊಂದು ಪ್ರಶ್ನೆ ಸೇರಿಸಿ ನೋಡಿದೆ, ಪ್ರಯೋಜನವಿಲ್ಲ. ಕರಕೊಂಡು ಹೋದವನೇ ಕೇಳಿದರೆ ನಮ್ಮವರು ಎಲ್ಲಕ್ಕೂ ಖುಷಿ ಅಂತಾರೆ, ದಾಕ್ಷಿಣ್ಯ. ಕೊನೆಗೆ ಹೆಂಡತಿಯೇ ದಾರಿ ತೋರಿಸಿದ್ದು: "ಮತ್ತೆ ಹೋಗೋಣ್ವಾ ಅಂತ ಕೇಳ್ಬೇಡಿ, ಮುಂದಿನ ಸಲ ಯಾರನ್ನ ಕರ್ಕೊಂಡು ಹೋಗೋಣ ಅಂತ ಕೇಳಿ." ಅದ್ಭುತವಾಗಿ ಕೆಲಸ ಮಾಡ್ತಿದೆ. ವಿದ್ಯಾರ್ಥಿ ಭವನಕ್ಕೆ ಅಮ್ಮ ತಕ್ಷಣ ನಾಲ್ಕು ಹೆಸರು ಹೇಳಿದರು. ಕೂದಲ ಹೋಟೆಲಿಗೆ ಭಾವ ತಮ್ಮ ಮ್ಯಾನೇಜರ್ ಹೆಸರು ಹೇಳಿದರು. ಕತ್ತಲೆ ಹೋಟೆಲಿಗೆ ಯಾರ ಹೆಸರೂ ಬರಲಿಲ್ಲ.

ಈ ಉತ್ಸಾಹದಲ್ಲಿ ಅಮ್ಮ ಹೇಳಿದ ನಾಲ್ವರನ್ನೂ ಕಾರಿನಲ್ಲಿ ತುಂಬಿಕೊಂಡು ಗಾಂಧಿಬಜಾರಿಗೆ ಹೊರಟೆ. ಶುಕ್ರವಾರ. ಬಲ್ಲವರು ಈಗಾಗಲೇ ನಗ್ತಿರಬಹುದು. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜ, ಅದು ನನ್ನ ರಿಜಿಸ್ಟರಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದೆ.

ಪಟ್ಟಿ ಹರಿಯೋ ಮುಂಚೆ ಒಂದು ಸಾಲು ಮಾತ್ರ ಕತ್ತರಿಸಿ ಇಟ್ಟುಕೊಂಡೆ. ಮಲ್ಲೇಶ್ವರ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ. "ಹತ್ತಿರದಲ್ಲೇ ಇದೆ, ಯಾವಾಗ ಬೇಕಾದ್ರೂ ಹೋಗಬಹುದು" ಅಂತ ಎದುರಿಗೆ ಬರೆದಿದ್ದೆ. 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ರಾಗಿ ದೋಸೆಯ ಮುಂದೆ ಅಂಕದ ಜಾಗ ಖಾಲಿ.

ಮುಂದಿನ ಪ್ರಾಜೆಕ್ಟು ತಲೆಯಲ್ಲಿ ಆಗಲೇ ಕುದೀತಿದೆ: ಮಿಲಿಟರಿ ಹೋಟೆಲುಗಳು, ಅಂದರೆ ನಮ್ಮ ಕಡೆಯ ಮಾಂಸದೂಟದ ಹೋಟೆಲುಗಳು. ಮೆನು ಚಿಕ್ಕದು, ಮುದ್ದೆ ಮುರಿಯೋ ಕೆಲಸ ತಿನ್ನೋರದ್ದೇ, ಹೊಸ ನಿಯಮಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಜಯನಗರದ ಶಿವಾಜಿಯಲ್ಲಿ ದೊನ್ನೆ ಬಿರಿಯಾನಿಯಿಂದ ಶುರು ಮಾಡೋಣ ಅಂತಿದೀನಿ. ತೊಡಕು ಒಂದೇ: ಅಮ್ಮ ಸೋಮವಾರ, ಶನಿವಾರ ಮುಟ್ಟಲ್ಲ, ಹೆಂಡತಿ ಗುರುವಾರ ಮುಟ್ಟಲ್ಲ, ಭಾವ ಶ್ರಾವಣ ಪೂರ್ತಿ ಮುಟ್ಟಲ್ಲ. ಕ್ಯಾಲೆಂಡರಿನ ಜೊತೆ ಪಂಚಾಂಗವನ್ನೂ ರಿಜಿಸ್ಟರಿಗೆ ಹೊಲಿಸಬೇಕು. ಬೈಂಡಿಂಗ್ ಅಂಗಡಿಗೆ ಕೊಟ್ಟಿದೀನಿ. ಹೋದ ಸಲ ಅರ್ಧ ಪುಟ ತಲೆಕೆಳಗಾಗಿ ಹೊಲಿದು ಕೊಟ್ಟಿದ್ದರು, ಈ ಸಲ "ಬುಧವಾರ ಗ್ಯಾರಂಟಿ" ಅಂದಿದಾರೆ, ಯಾವ ಬುಧವಾರ ಅಂತ ಹೇಳಿಲ್ಲ.

ಶುಕ್ರವಾರದ ಆ ಪ್ರವಾಸಕ್ಕೆ ನಿನ್ನೆ ಇಪ್ಪತ್ತೊಂದು ದಿನ. ಕ್ರಮ ತಪ್ಪಿಸಬಾರದು ಅಂತ ಅತ್ತಿಗೆಗೆ ಫೋನ್ ಮಾಡಿದೆ. ಮುಚ್ಚಿದ ಬಾಗಿಲ ಮುಂದೆ ನಾನು ಜೇಬಿನಿಂದ ರಿಜಿಸ್ಟರ್ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡದ್ದು, ಆಮೇಲೆ ಎಲ್ಲರೂ ಕಾರಿಗೆ ಒರಗಿ ನಿಂತು ಸೀಬೆಹಣ್ಣಿಗೆ ಉಪ್ಪು ಖಾರ ಹಚ್ಚಿಕೊಂಡು ತಿಂದದ್ದು, ಎಲ್ಲ ಹೇಳಿ ನಕ್ಕರು. ಮುಂದಿನ ಸಲ ಯಾರನ್ನ ಕರಕೊಂಡು ಹೋಗೋಣ ಅಂದೆ. ಆರು ಹೆಸರು ಬಂತು.